ಪುಟ್ಟ ಸ್ಕ್ರೀನಲ್ಲಿ ಅಷ್ಟು ದೊಡ್ಡ ಕೋಟೆ ಹೆಂಗೆ ಹಿಡಿಸ್ತು?

ದಾವಣಗೆರೆಯ ಒಂದು ಸೈಬರಲ್ಲಿ ಗಂಟೆಗೆ 15 ರೂಪಾಯಿ ಕೊಟ್ಟು ಎಮ್ಯುಲೇಟರಲ್ಲಿ (ಬೇರೆ ಯಂತ್ರದ ಆಟನ ಕಂಪ್ಯೂಟರಲ್ಲಿ ಆಡಿಸೋ ಸಾಫ್ಟ್‌ವೇರು) ರಾಕ್ಷಸರ ಕೋಟೆ ಸುತ್ತೋ ವಿಡಿಯೋ ಗೇಮ್ ಸರಣಿ ಕ್ಯಾಸಲ್‌ವೇನಿಯಾ ಆಡ್ತಿದ್ದ ಕಾಲಕ್ಕೆ ನಮ್ಗೆಲ್ಲ ಒಂದು ಡೌಟು, ಅದರಲ್ಲೇ ಒಂದಾದ ಈ 'ಹಾರ್ಮನಿ ಆಫ್ ಡಿಸೊನೆನ್ಸ್'ನಲ್ಲಿ ಹೀರೋ ಮೈಸುತ್ತ ಯಾಕೆ ನೀಲಿ ಗೆರೆ ಎಳೆದಿದಾರೆ, ಗೋಡೆಗಳಿಗೆ ಯಾಕೆ ಜಾತ್ರೆ ಮಿಠಾಯಿ ಬಣ್ಣ ಬಳಿದಿದಾರೆ ಅಂತ. "ಡೆಕೋರೇಷನ್ ಜಾಸ್ತಿ ಆಗೈತಿ ಬಿಡೋ" ಅಂತ ಪಕ್ಕದ ಸೀಟಿನೋನು ತೀರ್ಪು ಕೊಟ್ಟ, ನಾವೂ ಒಪ್ಕೊಂಡ್ವಿ. ಎಷ್ಟೋ ವರ್ಷ ಆದ್ಮೇಲೆ ಒಬ್ಬ ಫ್ರೆಂಡು ಆ ಆಟದ ಅಸಲಿ ಯಂತ್ರ, ಅಂಗೈಲಿ ಹಿಡಿದು ಆಡೋ ನಿಜವಾದ ಗೇಮ್‌ಬಾಯ್ ಅಡ್ವಾನ್ಸ್ ಕೊಟ್ಟ, ದುರ್ಗಕ್ಕೆ ಹೋಗೋ ಬಸ್ಸಲ್ಲಿ ಸಂಜೆ ಹೊತ್ತು ಆನ್ ಮಾಡಿದ್ರೆ ಸ್ಕ್ರೀನಲ್ಲಿ ಕಂಡಿದ್ದು ನನ್ನ ಮುಖ. ಕಿಟಕಿ ಕಡೆ ಓರೆ ಹಿಡಿದೆ, ತಲೆ ಮೇಲಿನ ಟ್ಯೂಬ್‌ಲೈಟಿಗೆ ಹಿಡಿದೆ, ಆಗ ಮಸುಕು ಮಸುಕಾಗಿ ಕಂಡಿದ್ದು ಒಂದೇ, ಆ ನೀಲಿ ಗೆರೆ.

2001ರಲ್ಲಿ ಬಂದ ಆ ಯಂತ್ರಕ್ಕೆ ಒಳಗಿಂದ ಬೆಳಕೇ ಇರ್ಲಿಲ್ಲ. ಸ್ಕ್ರೀನು 240 ಅಡ್ಡ, 160 ಉದ್ದ, ಅಷ್ಟೇ ಚುಕ್ಕಿ. ಅದರ ಜೊತೆಗೇ ಬಂದ ಕ್ಯಾಸಲ್‌ವೇನಿಯಾ 'ಸರ್ಕಲ್ ಆಫ್ ದಿ ಮೂನ್' ಚೆನ್ನಾಗಿರೋ ಆಟ, ಆದ್ರೆ ಕತ್ತಲೆ ಕೋಟೆನ ಕತ್ತಲೆ ಬಣ್ಣದಲ್ಲೇ ಬರೆದುಬಿಟ್ಟಿದ್ರು, ಕಾಣಲ್ಲ ಅಂತ ಜನ ಗೋಳಾಡಿದ್ರು. ಮುಂದಿನ ವರ್ಷ 'ಹಾರ್ಮನಿ' ಮಾಡೋವಾಗ ನಿರ್ಮಾಪಕ ಕೊಜಿ ಇಗರಾಶಿ ತಂಡ ಬಣ್ಣ ಏರಿಸ್ತು, ಹೀರೋ ಜೂಸ್ಟ್‌ಗೆ ಅಂಚು ಕಟ್ತು. ಚಿತ್ರಕ್ಕೆ ಅಷ್ಟು ಸುರಿದಿದ್ದಕ್ಕೆ ಸೌಂಡಿಗೆ ಜಾಗ ಸಾಲದೆ ಮ್ಯೂಸಿಕ್ ಕಿರಿಕಿರಿ ಆಯ್ತು, ಅದು ಬೇರೆ ಮಾತು.

ಇದು ಹೊಸ ಉಪಾಯ ಏನಲ್ಲ. 1991ರಲ್ಲಿ ಹಳೇ ಗೇಮ್‌ಬಾಯ್‌ಗೆ 'ಮೆಟ್ರಾಯ್ಡ್ 2' ಅನ್ನೋ ಇನ್ನೊಂದು ಸರಣಿಯ ಆಟ ಬಂದಾಗ ಸ್ಕ್ರೀನಲ್ಲಿ ಇದ್ದಿದ್ದು ನಾಲ್ಕೇ ಛಾಯೆ, ಬಣ್ಣ ಇಲ್ಲ. ನಾಯಕಿ ಸೇಮಸ್ ಹೊಸ ಸೂಟ್ ಹಾಕ್ಕೊಂಡ್ಲು ಅಂತ ಬಣ್ಣ ಬದಲಿಸಿ ತೋರ್ಸೋಕೆ ಆಗಲ್ಲ, ಅದಕ್ಕೆ ಭುಜಕ್ಕೆ ಎರಡು ದೊಡ್ಡ ಗುಂಡು ಇಟ್ರು. ಇವತ್ತಿಗೂ ಅವಳ ಗುರುತು ಅಂದ್ರೆ ಆ ಭುಜಾನೇ.

ಒಂದೇ ದೊಡ್ಡ ಮ್ಯಾಪಲ್ಲಿ ಹಿಂದೆ ಮುಂದೆ ಸುತ್ತಾಡಿ, ಹೊಸ ಶಕ್ತಿ ಸಿಕ್ಕ ಮೇಲೆ ಮುಚ್ಚಿದ ದಾರಿ ದಾಟೋ ಈ ಜಾತಿ ಆಟದ ಮೂಲ ಇರೋದು 1986ರ ಮೊದಲ 'ಮೆಟ್ರಾಯ್ಡ್'ನಲ್ಲಿ. ಎಲ್ಲಾ ಆಟದಲ್ಲೂ ಬಲಕ್ಕೆ ಓಡಬೇಕು, ಇದ್ರಲ್ಲೂ ಬಲಕ್ಕೆ ಓಡಿದ್ರೆ ಸ್ವಲ್ಪ ದೂರದಲ್ಲೇ ಒಂದು ತಗ್ಗು ಸಂದಿ, ಬಗ್ಗೋಕೆ ಆಗಲ್ಲ, ನಿಂತುಬಿಡ್ತೀವಿ. ವಾಪಸ್ ಬಂದು ಶುರು ಮಾಡಿದ ಜಾಗದಿಂದ ಎಡಕ್ಕೆ ಹೋದ್ರೆ ಉಂಡೆ ಆಗೋ ಶಕ್ತಿ ಸಿಗುತ್ತೆ, ಆಮೇಲೆ ಉರುಳ್ಕೊಂಡು ಸಂದಿ ದಾಟೋದು. ಒಂದು ಮಾತೂ ಹೇಳದೆ ಎರಡೇ ನಿಮಿಷದಲ್ಲಿ ಪಾಠ ಮಾಡಿದ್ರು. ದುರ್ಗದ ಕೋಟೆಲಿ ಒನಕೆ ಕಿಂಡಿ ಹತ್ರ ಸ್ಕೂಲ್ ಟ್ರಿಪ್ ಮಕ್ಕಳು ಒಬ್ಬೊಬ್ಬರೇ ಬಗ್ಗಿ ನುಸುಳೋದು ನೋಡಿದಾಗೆಲ್ಲ ನನಗೆ ಸೇಮಸ್ಸೇ ನೆನಪಾಗೋದು, ಓಬವ್ವ ಕ್ಷಮಿಸ್ಲಿ. ಆ ಕೋಟೆ ದಾರಿನೂ ಹಂಗೇ, ಮೇಲೆ ಬುರುಜು ಕಾಣ್ತಾ ಇರುತ್ತೆ, ನೆಟ್ಟಗೆ ಹೋಗೋಕೆ ಬಿಡಲ್ಲ, ಬಾಗಿಲು ದಾಟಿದ ಕೂಡ್ಲೆ ಅಡ್ಡ ತಿರುಗಿಸುತ್ತೆ.

ಕ್ಯಾಸಲ್‌ವೇನಿಯಾ ಮೊದಮೊದಲು ಹಿಂಗಿರ್ಲಿಲ್ಲ, ಲೆವೆಲ್ ಲೆವೆಲ್ ಮುಗಿಸ್ಕೊಂಡು ಹೋಗೋ ಆಟ, ಕೈ ಪಳಗಿದೋರು ಬೇಗ ಮುಗಿಸಿ ಎತ್ತಿಡೋರು. 1997ರ 'ಸಿಂಫನಿ ಆಫ್ ದಿ ನೈಟ್'ನಲ್ಲಿ ಇಡೀ ಕೋಟೆನ ಒಂದೇ ಮ್ಯಾಪ್ ಮಾಡಿದ್ರು. ಜನ ತುಂಬಾ ದಿನ ಆಡ್ಬೇಕು ಅಂತ 'ಜೆಲ್ಡಾ' ಅನ್ನೋ ಇನ್ನೊಂದು ಆಟ ನೋಡ್ಕೊಂಡು ಹಂಗೆ ಮಾಡಿದ್ದು ಅಂತ ಇಗರಾಶಿನೇ ಹೇಳ್ಕೊಂಡಿದಾರೆ. ರಾಕ್ಷಸರನ್ನ ಹೊಡೆದ್ರೆ ಅನುಭವದ ಪಾಯಿಂಟು, ಲೆವೆಲ್ ಏರಿದ್ರೆ ಶಕ್ತಿ, ಕತ್ತಿ, ಕವಚ, ಹಿಂಗೆ ಪಾತ್ರನ ಬೆಳೆಸ್ಕೊಂಡು ಹೋಗೋ ಆಟ, ಅಂದ್ರೆ ಆರ್‌ಪಿಜಿನ ಒಳಗೆ ತಂದ್ರು. ಕೈ ಅಷ್ಟು ಚುರುಕಿಲ್ಲದ ನನ್ನಂಥೋರಿಗೆ ಇದೇ ದೊಡ್ಡ ಉಪಕಾರ, ಬಾಸ್, ಅಂದ್ರೆ ದಾರಿ ಕಾಯೋ ದೊಡ್ಡ ರಾಕ್ಷಸ, ಸಾಯ್ತಿಲ್ಲ ಅಂದ್ರೆ ಅಲ್ಲೇ ಸುತ್ತಾಡಿ ಎರಡು ಲೆವೆಲ್ ಏರಿಸ್ಕೊಂಡು ಬರಬಹುದು.

ಮತ್ತೆ ಇದು ಟಿವಿ ಬಿಟ್ಟು ಕೈಗೆ ಯಾಕೆ ಬಂತು? ಟಿವಿಗೆ ಹಾಕೋ ಯಂತ್ರಗಳಲ್ಲಿ ಆಗ ಎಲ್ಲರಿಗೂ 3ಡಿ ಹುಚ್ಚು, ಕ್ಯಾಸಲ್‌ವೇನಿಯಾನೂ ನಿಂಟೆಂಡೋ 64, ಪ್ಲೇಸ್ಟೇಷನ್ 2ರಲ್ಲಿ 3ಡಿ ಆಯ್ತು. ಪಕ್ಕದಿಂದ ನೋಡೋ ಚಪ್ಪಟೆ ಕೋಟೆಗೆ ಉಳಿದ ಜಾಗ ಅಂದ್ರೆ ಅಂಗೈ.

ಅಲ್ಲಿ ಅದು ಬೆಳೆದಿದ್ದು ನೋಡ್ಬೇಕು ಅಂದ್ರೆ 2003ರ 'ಏರಿಯಾ ಆಫ್ ಸಾರೋ' ಆಡಿ. ಕಥೆ ನಡೆಯೋದು 2035ರಲ್ಲಿ, ಹುಡುಗ ಸೋಮಾ ಕ್ರೂಜ್ ತಾನು ಕೊಂದ ರಾಕ್ಷಸನ ಆತ್ಮನ ಎಳ್ಕೋತಾನೆ. ಕೆಂಪು ಆತ್ಮ ಸಿಕ್ರೆ ಎಸೆಯೋ ಆಯುಧ, ನೀಲಿ ಸಿಕ್ರೆ ಒತ್ತಿ ಹಿಡಿಯೋ ಶಕ್ತಿ, ಹಳದಿ ತಾನಾಗೇ ಕೆಲಸ ಮಾಡುತ್ತೆ. ಉಂಡೀನ್ ಆತ್ಮ ಸಿಕ್ರೆ ನೀರ ಮೇಲೆ ನಡೀಬಹುದು, ಸ್ಕೂಲಾ ಸಿಕ್ರೆ ನೀರಿನ ತಳಕ್ಕೆ ಇಳಿದು ಓಡಾಡಬಹುದು, ಅಂದ್ರೆ ಹತ್ತು ಸಲ ದಾಟಿದ ಅದೇ ಹೊಂಡ ಮೂರು ಥರದ ಜಾಗ ಆಗುತ್ತೆ. ಕೀಲಿಕೈ, ಆಯುಧ, ಕಲೆಕ್ಷನ್ನು ಎಲ್ಲಾ ಒಂದೇ ಆತ್ಮದ ಲೆಕ್ಕಕ್ಕೆ ಬಂತು. ಬಸ್ಸಲ್ಲಿ ಹತ್ತು ನಿಮಿಷ ಸಿಕ್ರೂ ಸಾಕು, ಒಂದು ರೂಮಿಗೆ ಹೋಗಿ ಬಂದು ಹೋಗಿ ಬಂದು ಅದೇ ರಾಕ್ಷಸನ್ನ ಹೊಡೀತಾ ಕೂರೋದು, ಸಿಕ್ರೆ ಸಿಕ್ತು, ಇಲ್ಲಾಂದ್ರೆ ಆಟ ಉಳಿಸಿಡೋ ಸೇವ್ ರೂಮು.

ಅಡ್ವಾನ್ಸ್ ಆದ್ಮೇಲೆ ನಿಂಟೆಂಡೋದ ಮುಂದಿನ ಅಂಗೈ ಯಂತ್ರ ಡಿಎಸ್ ಬಂದ್ಮೇಲೆ ಎರಡು ಸ್ಕ್ರೀನು. 2005ರ 'ಡಾನ್ ಆಫ್ ಸಾರೋ'ನಲ್ಲಿ ಮ್ಯಾಪು ಮೇಲಿನ ಸ್ಕ್ರೀನಲ್ಲಿ ಸದಾ ತೆರೆದಿರುತ್ತೆ, ಆಟ ಕೆಳಗೆ. ಇಷ್ಟೇ ಬದಲಾವಣೆ, ಆದ್ರೆ ಪ್ರತೀ ಸಲ ನಿಲ್ಲಿಸಿ ಮ್ಯಾಪ್ ತೆಗೆಯೋ ಕಾಟ ಹೋಯ್ತು, ನಡೀತಾ ನಡೀತಾನೇ ಕಣ್ಣೆತ್ತಿ ಎಲ್ಲಿ ಚೌಕ ಖಾಲಿ ಇದೆ ಅಂತ ನೋಡ್ಕೋಬಹುದು. ನನ್ನ ಲೆಕ್ಕದಲ್ಲಿ ಈ ಆಟಗಳಿಗೆ ಡಿಎಸ್‌ಗಿಂತ ಹೇಳಿಮಾಡಿಸಿದ ಯಂತ್ರ ಬಂದಿಲ್ಲ. ಕೆಟ್ಟಿದ್ದು ಟಚ್‌ಸ್ಕ್ರೀನ್ ಇದೆ ಅಂತ ತುರುಕಿದ ಮುದ್ರೆ. ಬಾಸ್ ಸಾಯೋ ಹೊತ್ತಿಗೆ ಕಡ್ಡಿಲಿ ಗೆರೆ ಎಳೆದು ಮುದ್ರೆ ಹಾಕ್ಬೇಕು, ತಪ್ಪಿದ್ರೆ ಅವನು ಎದ್ದು ಕೂರ್ತಾನೆ. ಸೈಬರಲ್ಲಿ ಅದನ್ನ ಗುಂಡು ಇರೋ ಹಳೇ ಮೌಸಲ್ಲಿ ಎಳೆದವರ ಕಷ್ಟ ಯಾರಿಗೂ ಬೇಡ.

2006ರಲ್ಲಿ ಇಬ್ಬರನ್ನ ಬದಲಿಸಿ ಆಡೋ 'ಪೋರ್ಟ್ರೇಟ್ ಆಫ್ ರೂಯಿನ್', 2008ರಲ್ಲಿ ಸಿಕ್ಕಾಪಟ್ಟೆ ಕಷ್ಟದ 'ಆರ್ಡರ್ ಆಫ್ ಎಕ್ಲೀಸಿಯಾ', ಅಲ್ಲಿಗೆ ಡಿಎಸ್ ಸಾಲು ನಿಂತೋಯ್ತು. ಇಗರಾಶಿ 2014ರಲ್ಲಿ ಕ್ಯಾಸಲ್‌ವೇನಿಯಾ ಕಂಪನಿ ಕೊನಾಮಿ ಬಿಟ್ಟು, ಜನರ ಹತ್ರ ಚಂದಾ ಎತ್ತಿ ಆ ದುಡ್ಡಲ್ಲಿ 'ಬ್ಲಡ್‌ಸ್ಟೇನ್ಡ್' ಮಾಡಿದ್ರು, 2019ಕ್ಕೆ ಬಂತು.

ಹಳೇ ಅಡ್ವಾನ್ಸ್ ಆಟಗಳು 2021ರಲ್ಲಿ, ಡಿಎಸ್ ಆಟಗಳು 2024ರಲ್ಲಿ ಮತ್ತೆ ಮಾರಾಟಕ್ಕೆ ಬಂದ್ವು, ಮುದ್ರೆನೂ ಈಗ ಬಟನ್ ಒತ್ತಿದ್ರೆ ಬೀಳುತ್ತೆ. ಮೊನ್ನೆ ಅಕ್ಕನ ಮಗನಿಗೆ 'ಹಾರ್ಮನಿ' ಹಾಕಿಕೊಟ್ಟೆ. ಸತ್ತ ಕೂಡ್ಲೆ ಹಿಂದಕ್ಕೆ ಓಡಿಸೋ ಬಟನ್ ಒತ್ತಿ ಬದುಕಿಸ್ಕೊಂಡ. "ಮಾಮ, ಇವನ ಸುತ್ತ ಏನ್ ಮಾಮ ನೀಲಿ?" ಅಂದ. ಬಸ್ಸಿನ ಕಥೆ ಹೇಳೋಕೆ ಶುರು ಮಾಡಿದೆ, ಅವನು ಅಷ್ಟೊತ್ತಿಗೆ ಸೇವ್ ರೂಮಿನ ಮುಂದೆ ಹಾದು ಮುಂದಕ್ಕೆ ಹೋಗಿದ್ದ, ಒಳಗೆ ಇಣುಕಿ ಕೂಡ ನೋಡ್ಲಿಲ್ಲ.