ಹೇನು ತಂದವರು ಯಾರು?

ಏಪ್ರಿಲ್ ರಜೆ. ಬೆಂಗಳೂರಿನಿಂದ ಅಕ್ಕನ ಮಕ್ಕಳು ಶಿರಸಿಯ ನಮ್ಮ ಮನೆಗೆ ಬಂದು ವಾರವಾಗಿತ್ತು. ಮಕ್ಕಳೆಲ್ಲ ಮೆತ್ತಿನ ಮೇಲೆ ಸಾಲಾಗಿ ಮಲಗುತ್ತಿದ್ದವು. ಒಂದು ಮಧ್ಯಾಹ್ನ, ಅಂಗಳದಲ್ಲಿ ಹಲಸಿನ ಹಪ್ಪಳ ಕಾಯುತ್ತ ಕೂತಿದ್ದ ನನ್ನ ಮಗಳು ಎರಡೂ ಕೈಯಲ್ಲಿ ತಲೆ ಕೆರೆಯತೊಡಗಿದಳು. ಕೂದಲು ಬಿಡಿಸಿದರೆ ಕಿವಿಯ ಹಿಂದೆಲ್ಲ ಸೀರು. "ಪ್ಯಾಟೆ ಮಕ್ಕಳೇ ತಂದದ್ದು" ಎಂದು ಆಯಿ ತೀರ್ಪು ಕೊಟ್ಟೇಬಿಟ್ಟಳು.

ತೀರ್ಪು ತಪ್ಪಿತ್ತು. ತುರಿಕೆ ಎಂದರೆ ರಕ್ತ ಹೀರುವಾಗ ಹೇನು ಬಿಡುವ ಜೊಲ್ಲಿಗೆ ಆಗುವ ಅಲರ್ಜಿ. ಮೊದಲ ಸಲ ಹೇನಾದವರಲ್ಲಿ ಅದು ಶುರುವಾಗಲು 4ರಿಂದ 6 ವಾರ ಬೇಕಾಗುತ್ತದೆ. ಮಗಳಿಗೆ ಇದೇ ಮೊದಲು. ಅಂದರೆ ಪರೀಕ್ಷೆಯ ದಿನಗಳಲ್ಲೇ ಹೇನು ಅವಳ ತಲೆಯಲ್ಲಿ ಸಂಸಾರ ಹೂಡಿತ್ತು. ಅಕ್ಕನ ಮಕ್ಕಳಿಗೆ ನಾವೇ ದಾಟಿಸಿರಬಹುದು! ಇದನ್ನು ಅಕ್ಕನಿಗೆ ಫೋನ್ ಮಾಡಿ ಹೇಳಲು ನನಗೆ ಎರಡು ದಿನ ಬೇಕಾಯಿತು.

ಹೇನು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ಎಳ್ಳಿನಷ್ಟು ದೊಡ್ಡ ಹುಳ. ಆರು ಕಾಲು, ಒಂದೊಂದರ ತುದಿಗೂ ಕೂದಲು ಹಿಡಿಯಲು ಕೊಕ್ಕೆ. ತಲೆಗೆ ತಲೆ ತಾಗಿದಾಗ ನಡೆದು ದಾಟುತ್ತದೆ, ಅಷ್ಟೇ. ತಲೆ ಬಿಟ್ಟರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಆದ್ದರಿಂದ ಮನೆಯ ಗಾದಿ, ಕಂಬಳಿಗಳನ್ನೆಲ್ಲ ಅಂಗಳಕ್ಕೆ ಎಳೆಯಬೇಕಿಲ್ಲ. ಕೊಳಕು ಎಂಬ ನಾಚಿಕೆಯೂ ಬೇಡ, ಮಿಂದ ತಲೆಯೂ ಅದಕ್ಕೆ ಒಂದೇ. ರೋಗ ಹರಡುವುದು ಇದರ ನೆಂಟ, ಬಟ್ಟೆಯಲ್ಲಿರುವ ಕೂರೆ.

ನಿಜವಾದ ತಲೆನೋವು ಸೀರಿನದ್ದು. ಕೂದಲಿಗೆ ಅಂಟಿಸಿದ ಆ ಮೊಟ್ಟೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಒಡೆಯಲು 7ರಿಂದ 10 ದಿನ. ಮರಿ ಬೆಳೆದು ದೊಡ್ಡದಾಗಲು ಮತ್ತೆ 9ರಿಂದ 12 ದಿನ. ಶೇ. 1ರ ಪರ್ಮೆಥ್ರಿನ್ ಔಷಧಿ ಓಡಾಡುವ ಹೇನನ್ನು ಕೊಲ್ಲುತ್ತದೆ, ಸೀರನ್ನೆಲ್ಲ ಅಲ್ಲ. ಅದಕ್ಕೇ ಒಂಬತ್ತನೇ ದಿನ ಇನ್ನೊಮ್ಮೆ ಹಚ್ಚಬೇಕು. ಆ ಹೊತ್ತಿಗೆ ಉಳಿದ ಸೀರು ಬಹುಪಾಲು ಒಡೆದಿರುತ್ತದೆ, ಮರಿಗಳು ಇನ್ನೂ ಮೊಟ್ಟೆ ಇಡುವಷ್ಟು ಬೆಳೆದಿರುವುದಿಲ್ಲ. "ಔಷಧಿ ಹಾಕಿದ್ರೂ ಹೋಗ್ಲಿಲ್ಲ" ಎನ್ನುವವರನ್ನು ಎರಡನೇ ಸಲ ಹಚ್ಚಿದಿರಾ ಎಂದು ಕೇಳಿ ನೋಡಿ. ಕೆಲವು ಕಡೆ ಹೇನುಗಳು ಈ ಔಷಧಿಗೆ ಬಗ್ಗದಂತಾಗಿವೆ, ಅದೂ ನಿಜ.

ಸೀತಾಫಲದ ಬೀಜ ಅರೆದು ಹಚ್ಚೋಣ ಎಂದಳು ಆಯಿ. ಅದರ ವಿಷ ಹೇನಿಗೆ ತಾಗುತ್ತದೆ, ಸರಿ. ಆದರೆ ತಲೆಯಿಂದ ಇಳಿದು ಕಣ್ಣಿಗೆ ಹೋದರೆ ಕಣ್ಣೇ ಹುಣ್ಣಾಗುತ್ತದೆ. ಹಾಗೆ ಕಣ್ಣು ಕೆಡಿಸಿಕೊಂಡು ಆಸ್ಪತ್ರೆಗೆ ಬಂದವರಿದ್ದಾರೆ. ಸೀಮೆಎಣ್ಣೆಯ ಮಾತಂತೂ ಬೇಡವೇ ಬೇಡ.

ನಾನು ಸೀರಣಿಗೆ ಹಿಡಿದೆ. ಇಸ್ರೇಲಿನ ಲಾಕೀಶ್‌ನಲ್ಲಿ ಸುಮಾರು 3,700 ವರ್ಷ ಹಳೆಯ, ಆನೆ ದಂತದ ಪುಟ್ಟ ಹಣಿಗೆಯೊಂದು ಸಿಕ್ಕಿದೆ. ಅದರ ಮೇಲೆ ಕೊರೆದ ಹಾರೈಕೆ ಏನು ಗೊತ್ತಾ? ತಲೆಯ, ಗಡ್ಡದ ಹೇನನ್ನು ಈ ದಂತ ಕೀಳಲಿ ಎಂದು! ನನ್ನದು ಪ್ಲಾಸ್ಟಿಕ್ಕಿನದ್ದು, ಕೆಲಸ ಅದೇ. ಒದ್ದೆ ಕೂದಲಿಗೆ ಜಾಸ್ತಿ ಕೊಬ್ಬರಿ ಎಣ್ಣೆ ಹಚ್ಚಿದರೆ ಹೇನಿಗೆ ಓಡಲಾಗುವುದಿಲ್ಲ. ಎಳೆ ಎಳೆಯಾಗಿ ಬುಡದಿಂದ ತುದಿಯವರೆಗೆ ಬಾಚಿ, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿದೆ. 1, 5, 9, 13ನೇ ದಿನ, ನಾಲ್ಕು ಸಲ. ಬುಡದಿಂದ ಒಂದು ಸೆಂಟಿಮೀಟರಿಗಿಂತ ದೂರ ಇದ್ದ ಸೀರಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಕೂದಲು ತಿಂಗಳಿಗೆ ಅಷ್ಟು ಬೆಳೆಯುತ್ತದೆ, ಅಲ್ವಾ? ಅವು ಹೆಚ್ಚಾಗಿ ಖಾಲಿ ಚಿಪ್ಪು.

ಹದಿಮೂರನೇ ದಿನ ಮಗಳ ತಲೆಯಲ್ಲಿ ಒಂದೂ ಸಿಗಲಿಲ್ಲ. ಆಯಿ ತನ್ನ ತಲೆ ತೋರಿಸಲು ಒಪ್ಪಿದ್ದು ಅವತ್ತೇ. ಅಲ್ಲಿ ಸಿಕ್ಕಿತು.