ಕಾರ್ವರ್ ಕಥೆ, ಲಿಶ್ ಕತ್ತರಿ

ಮಗನ ಹುಟ್ಟುಹಬ್ಬಕ್ಕೆಂದು ತಾಯಿ ಬೇಕರಿಯಲ್ಲಿ ಕೇಕ್‌ಗೆ ಹೇಳಿಬಂದಿದ್ದಾಳೆ. ಹಬ್ಬದ ದಿನವೇ ಹುಡುಗನಿಗೆ ಕಾರು ಬಡಿಯುತ್ತದೆ. ವಿಷಯ ತಿಳಿಯದ ಬೇಕರಿಯವನು ಫೋನ್ ಮೇಲೆ ಫೋನ್ ಮಾಡುತ್ತಾನೆ. ಅಮೆರಿಕದ ಕಥೆಗಾರ ರೇಮಂಡ್ ಕಾರ್ವರ್ ಬರೆದಿದ್ದರಲ್ಲಿ ಹುಡುಗ ಸಾಯುತ್ತಾನೆ. ಸಿಟ್ಟಿನಿಂದ ಬೇಕರಿಗೆ ನುಗ್ಗಿದ ಅಪ್ಪ ಅಮ್ಮನ ಬಳಿ ಆತ ಕ್ಷಮೆ ಕೇಳಿ, ಕೂರಿಸಿ, ಬಿಸಿ ರೋಲ್ ತಿನ್ನಿಸುತ್ತಾನೆ. 1981ರಲ್ಲಿ ‘ದಿ ಬಾತ್’ ಎಂಬ ಹೆಸರಿನಲ್ಲಿ ಅಚ್ಚಾದ ಕಥೆ ಮಾತ್ರ ಫೋನ್ ಬಂದಲ್ಲಿಗೇ ನಿಂತುಬಿಡುತ್ತದೆ. ಹುಡುಗ ಉಳಿದನೋ ಇಲ್ಲವೋ, ತಿಳಿಯದು. ಮುಕ್ಕಾಲಕ್ಕಿಂತ ಹೆಚ್ಚು ಭಾಗ ಕತ್ತರಿಗೆ ಹೋಗಿತ್ತು. ಕತ್ತರಿ ಹಿಡಿದವರು ಸಂಪಾದಕ ಗಾರ್ಡನ್ ಲಿಶ್.

1934ರಲ್ಲಿ ಹುಟ್ಟಿದ ಲಿಶ್, ಅರವತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೈಸ್ಕೂಲೊಂದರಲ್ಲಿ ಮೇಷ್ಟ್ರು. ಜೊತೆಗೆ ‘ಜೆನೆಸಿಸ್ ವೆಸ್ಟ್’ ಎಂಬ ಸಣ್ಣ ಪತ್ರಿಕೆ. ಶಾಲೆಯ ಕೆಲಸ ಕೈತಪ್ಪಿದ ಮೇಲೆ ಪಠ್ಯಪುಸ್ತಕದ ಉದ್ಯೋಗಕ್ಕೆ ಬಂದರು. ಕಾರ್ವರ್ ಕೂಡ ಪಾಲೊ ಆಲ್ಟೊದಲ್ಲಿ ಅದೇ ಕಸುಬಿನಲ್ಲಿದ್ದರು, ಪರಿಚಯವಾದದ್ದು ಅಲ್ಲಿ. 1969ರಲ್ಲಿ ಲಿಶ್ ‘ಎಸ್ಕ್ವೈರ್’ ಪತ್ರಿಕೆಯ ಕಥಾ ಸಂಪಾದಕರಾದರು, 1971ರಲ್ಲಿ ಕಾರ್ವರರ ‘ನೇಬರ್ಸ್’ ಕಥೆ ಹಾಕಿದರು. 1977ರಿಂದ ಕ್ನಾಫ್ ಪ್ರಕಾಶನ.

ಅವರು ಕೈಯಾಡಿಸುವ ಬಗೆ ಹೀಗೆ: ಪಾತ್ರದ ಹಿಂದಿನ ಬದುಕು ತೆಗೆ, ಭಾವನೆಯ ವಿವರಣೆ ತೆಗೆ, ಶೀರ್ಷಿಕೆ ಬದಲಿಸು, ಕೊನೆಯನ್ನು ಮೊದಲೇ ಮುರಿ. ತರಗತಿಯಲ್ಲೂ ಅದೇ ಕಟ್ಟುನಿಟ್ಟು. ಗಂಟೆಗಟ್ಟಲೆ ನಡೆಯುವ ಪಾಠದಲ್ಲಿ ಶಿಷ್ಯ ತನ್ನ ಕಥೆ ಓದಬೇಕು. ರುಚಿಸದಿದ್ದರೆ ಮೊದಲ ವಾಕ್ಯಕ್ಕೇ ಸಾಕು ಎನ್ನುತ್ತಿದ್ದರು. ಎರಡನೆಯ ವಾಕ್ಯ ಮೊದಲನೆಯದರ ಪದದಿಂದ, ನಾದದಿಂದಲೇ ಹುಟ್ಟಬೇಕೆಂಬುದು ಅವರ ಸೂತ್ರ. ಹೊಸದಾಗಿ ಬರೆಯುವವರಿಗೆ ಇದು ಒಳ್ಳೆಯ ಸಾಣೆ. ಬೇರೆಯವರು ಬರೆದು ಮುಗಿಸಿದ ಕಥೆಯ ಮೇಲೆ ಇದನ್ನೇ ಪ್ರಯೋಗಿಸಿದರೆ ಬಿಗಿ ಬರುತ್ತದೆ, ಆದರೆ ಪಾತ್ರಗಳ ಸಂಕಟಕ್ಕೆ ಜಾಗ ಉಳಿಯುವುದಿಲ್ಲ.

‘ದಿ ಬಾತ್’ ಇದ್ದ ಸಂಕಲನದ ವಿಷಯದಲ್ಲಿ 1980ರಲ್ಲಿ ಎಡವಟ್ಟಾದದ್ದು ಎರಡನೆಯ ಸುತ್ತಿನಲ್ಲಿ. ಮೊದಲ ಸುತ್ತಿನ ತಿದ್ದುಪಡಿಯನ್ನು ಕಾರ್ವರ್ ಒಪ್ಪಿದ್ದರು. ಆಮೇಲೆ ಕೈಗೆ ಬಂದ ಪ್ರತಿ ಇನ್ನೂ ಕುಗ್ಗಿತ್ತು. ಒಟ್ಟು ಸಂಕಲನ ಅರ್ಧಕ್ಕಿಂತ ಕಡಿಮೆಯಾಗಿತ್ತು. ಮೂರು ವರ್ಷದ ಹಿಂದೆ ಕುಡಿತ ಬಿಟ್ಟು ಚೇತರಿಸಿಕೊಂಡಿದ್ದ ಅವರು ಜುಲೈ 8ರಂದು, ಪುಸ್ತಕ ನಿಲ್ಲಿಸಿ ಎಂದು ಅಂಗಲಾಚಿ ಬರೆದರು. ಪುಸ್ತಕ ನಿಲ್ಲಲಿಲ್ಲ. ಸಾಲದ್ದಕ್ಕೆ ಅದೇ ಅವರಿಗೆ ಹೆಸರು ತಂದಿತು, ‘ಮಿನಿಮಲಿಸ್ಟ್’ (ತೀರಾ ಕಡಿಮೆ ಮಾತಿನಲ್ಲಿ ಬರೆಯುವವ) ಎಂಬ ಅವರಿಗೆ ಹಿಡಿಸದ ಹಣೆಪಟ್ಟಿಯನ್ನೂ ಅಂಟಿಸಿತು. ಲಿಶ್ ಕಣ್ಣು ಚುರುಕು, ಒಪ್ಪೋಣ. ಬೇಡವೆಂದ ಲೇಖಕನ ಹೆಸರಿನಲ್ಲೇ ಅದನ್ನು ಅಚ್ಚು ಹಾಕಿಸಿದ್ದು ಮಾತ್ರ ಸಂಪಾದನೆಯ ಗೆರೆ ದಾಟಿದ ಕೆಲಸ.

1983ರ ‘ಕ್ಯಾಥೀಡ್ರಲ್’ ಸಂಕಲನದಲ್ಲಿ ಕಾರ್ವರ್ ಬೇಕರಿಯ ಕಥೆಯನ್ನು ಬಹುಮಟ್ಟಿಗೆ ಮರಳಿ ತಂದರು. 1988ರಲ್ಲಿ ತೀರಿಕೊಂಡರು. ಲಿಶ್ ತಮ್ಮ ಕಾಗದಪತ್ರಗಳನ್ನು ಇಂಡಿಯಾನಾ ವಿಶ್ವವಿದ್ಯಾಲಯದ ಲಿಲ್ಲಿ ಗ್ರಂಥಾಲಯಕ್ಕೆ ಮಾರಿದ್ದರಿಂದ ವಿಷಯ ಹೊರಬಿತ್ತು. 1998ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವಾರಪತ್ರಿಕೆ ಬರೆದ ಮೇಲೆ ಜಗಜ್ಜಾಹೀರಾಯಿತು. ಕಾರ್ವರ್ ಕಳಿಸಿದ ಟೈಪು ಹಾಳೆಗಳ ಮೇಲೆಯೇ ಲಿಶ್ ಕೈಯಿಂದ ತಿದ್ದಿದ್ದರು. ಆ ಗೀಟುಗಳ ಅಡಿಯ ಅಕ್ಷರಗಳನ್ನು ಒಂದೊಂದಾಗಿ ಓದಿಯೇ 2009ರಲ್ಲಿ ಮೂಲ ರೂಪವನ್ನು ‘ಬಿಗಿನರ್ಸ್’ ಎಂದು ಪ್ರಕಟಿಸಲಾಯಿತು.