ನಿವೃತ್ತಿ ದುಡ್ಡನ್ನು ಅಂಗಡಿಗೆ ಸುರಿಯುವ ಮೊದಲು

ಮಂಡ್ಯ ಸೀಮೆಯಲ್ಲಿ ಸೇನೆಯಿಂದ ಊರಿಗೆ ಬಂದವರ ಹೆಸರಿನ ಮುಂದೆ ‘ಮಿಲ್ಟ್ರಿ’ ಸೇರಿಕೊಳ್ಳಲು ಜಾಸ್ತಿ ದಿನ ಬೇಕಿಲ್ಲ. ಇವರ ಹತ್ತಿರ ದುಡ್ಡಿದೆ ಅನ್ನೋ ಸುದ್ದಿಯೂ ಜೊತೆಗೇ ಹಬ್ಬುತ್ತದೆ. ಲೆಕ್ಕಪತ್ರ ನೋಡುವ ನನ್ನಂಥವರ ಹತ್ತಿರ ಅವರು ಬರುವ ಹೊತ್ತಿಗೆ ಮಳಿಗೆಗೆ ಅಡ್ವಾನ್ಸ್ ಕೊಟ್ಟು, ಬೋರ್ಡ್ ಬರೆಸಿ ಆಗಿರುತ್ತದೆ.

15–17 ವರ್ಷ ಸೇವೆ ಮುಗಿಸಿದ ಜವಾನನಿಗೆ ಎಷ್ಟೋ ಸಲ 40 ಕೂಡ ತುಂಬಿರುವುದಿಲ್ಲ. ಕೈಯಲ್ಲಿ ಗ್ರಾಚ್ಯುಟಿ, ಪಿಎಫ್, ಕಮ್ಯುಟೇಶನ್ ಹಣ ಇರುತ್ತದೆ. ಕಮ್ಯುಟೇಶನ್ ಅಂದರೆ ಪಿಂಚಣಿಯ ಅರ್ಧದವರೆಗೆ ಮೊದಲೇ ಪಡೆದದ್ದು. ಆ ಪಾಲು 15 ವರ್ಷ ಪಿಂಚಣಿಯಲ್ಲಿ ಕಡಿತ ಆಗುತ್ತಲೇ ಇರುತ್ತದೆ. ಹಾಗಾಗಿ ನಾನು ಹೇಳುವುದು ಇಷ್ಟೇ: ಪಿಂಚಣಿ ಮನೆ ಖರ್ಚಿಗಿರಲಿ, ಗಂಟು ಠೇವಣಿಯಲ್ಲಿರಲಿ, ವ್ಯಾಪಾರಕ್ಕೆ ಬ್ಯಾಂಕಿನ ಸಾಲ ತನ್ನಿ.

ಸಾಲಕ್ಕೆ ನಾನು ಮೊದಲು ನೋಡುವುದು ಪಿಎಂಇಜಿಪಿ, ಅಂದರೆ ಹೊಸ ಘಟಕಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆ. ಅದರಲ್ಲಿ ಮಾಜಿ ಸೈನಿಕರು ವಿಶೇಷ ವರ್ಗ. ತಯಾರಿಕೆಗೆ 50 ಲಕ್ಷ, ಸೇವಾ ಕೆಲಸಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನೆ ಹಾಕಬಹುದು. ಕೈಯಿಂದ ಶೇ 5 ಹಾಕಿದರೆ ಸಾಕು. ಸಬ್ಸಿಡಿ ಹಳ್ಳಿಯಲ್ಲಿ ಶೇ 35, ಪಟ್ಟಣದಲ್ಲಿ ಶೇ 25. ಮದ್ದೂರಿನ ಪಕ್ಕದ ಹಳ್ಳಿಯಲ್ಲಿ 20 ಲಕ್ಷದ ಗಾಣದೆಣ್ಣೆ ಘಟಕ ಅಂದುಕೊಳ್ಳಿ. ನಿಮ್ಮದು 1 ಲಕ್ಷ, ಬ್ಯಾಂಕಿನದು 19 ಲಕ್ಷ, ಸಬ್ಸಿಡಿ 7 ಲಕ್ಷ. ಈ 7 ಲಕ್ಷ ನಿಮ್ಮ ಕೈಗೆ ಬರುವುದಿಲ್ಲ. 3 ವರ್ಷ ಬ್ಯಾಂಕಿನಲ್ಲೇ ಇರುತ್ತದೆ. ಘಟಕ ನಡೀತಿದೆ ಅಂತ ಬಂದು ನೋಡಿದ ಮೇಲೆ ಸಾಲಕ್ಕೆ ಜಮಾ. ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವಂತಿಲ್ಲ. ಜಾಗದ ಬೆಲೆಯನ್ನು ಯೋಜನೆಯಲ್ಲಿ ಸೇರಿಸುವಂತಿಲ್ಲ.

ಇದೆಲ್ಲ ಹೊಸ ಘಟಕಕ್ಕೆ ಮಾತ್ರ. ಮಿಷನ್ ತಂದು ಓಡಿಸಲು ಶುರುಮಾಡಿ ಆಮೇಲೆ ಅರ್ಜಿ ಹಿಡಿದು ಬಂದರೆ ಯಾರೂ ಏನೂ ಮಾಡಲಾಗದು. ಬೋರ್ಡ್ ಬರೆಸಲು ಅವಸರ ಬೇಡ ಅನ್ನೋದು ಅದಕ್ಕೇ.

ಜಾಗದ ವಿಷಯ. ಹಳೇ ಮೈಸೂರು ರಸ್ತೆ ಬದಿಯಲ್ಲಿ ಹೋಟೆಲ್ ಮಾಡುವ ಆಸೆ ಬಹಳ ಜನಕ್ಕಿದೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಬೆಂಗಳೂರಿನ ಕಾರುಗಳು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಒಳಗೆ ಬರದೆ ಬೈಪಾಸ್‌ನಲ್ಲಿ ಹೋಗುತ್ತಿವೆ. ಬಾಡಿಗೆ ಅಗ್ಗ ಅಂದರೆ ಯಾಕೆ ಅಗ್ಗ ಅಂತ ಕೇಳಿ. ಒಂದು ಭಾನುವಾರ ಅಲ್ಲೇ ನಿಂತು ಎಷ್ಟು ಗಾಡಿ ನಿಲ್ಲುತ್ತವೆ ನೋಡಿ.

ಆದರೆ ನಾನು ಜಾಸ್ತಿ ಕಂಡಿರುವ ಪೆಟ್ಟು ಉದ್ರಿಯದು. ಹುಟ್ಟೂರಲ್ಲಿ ಗೊಬ್ಬರ, ಪಶು ಆಹಾರದ ಅಂಗಡಿ ಇಡುತ್ತೀರಿ. ಬರುವವರೆಲ್ಲ ಮಾವ, ಭಾವ, ಜೊತೆಗೆ ಓದಿದವರು. ‘ಕಬ್ಬಿನ ದುಡ್ಡು ಬಂದ ತಕ್ಷಣ ಕೊಡ್ತೀನಿ ಕಣಪ್ಪ, ನಿಂಗೇನು, ಪೆನ್ಶನ್ ಬತ್ತದಲ್ಲ’ ಅನ್ನುತ್ತಾರೆ. ಕಾರ್ಖಾನೆ ಬಿಲ್ಲು ತಡವಾದರೆ ನಿಮ್ಮ ಬಾಕಿಯೂ ತಡ. ಪುಸ್ತಕದಲ್ಲಿ ಲಾಭ ಕಾಣುತ್ತದೆ, ಗಲ್ಲಾಪೆಟ್ಟಿಗೆ ಖಾಲಿ. ತುಕಡಿ ನಡೆಸಿದವರಿಗೂ ಸ್ವಂತ ಚಿಕ್ಕಪ್ಪನಿಗೆ ‘ಇಲ್ಲ’ ಅನ್ನಲು ಬಾಯಿ ಬರುವುದಿಲ್ಲ! ಗಲ್ಲಾದಲ್ಲಿ ಸಂಬಳದ ಹುಡುಗನನ್ನು ಕೂರಿಸಿ, ಒಬ್ಬರಿಗೆ ಇಷ್ಟೇ ಬಾಕಿ ಅಂತ ಮೊದಲ ದಿನವೇ ಮಿತಿ ಹಾಕಿ.

ಕೆಲಸ ಕಲಿಯಲು ಸ್ವಂತ ಉದ್ಯೋಗದ ತರಬೇತಿ ಕೊಡುವ ಮೈಸೂರಿನ ರುಡ್‌ಸೆಟ್ ಸಂಸ್ಥೆ ಇದೆ. ಊಟ, ವಸತಿ ಸಮೇತ ಉಚಿತ ತರಬೇತಿ. ಪಿಎಂಇಜಿಪಿ ಅರ್ಜಿಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಸಣ್ಣ ಉದ್ಯಮವನ್ನು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿಗೆ ಶುಲ್ಕ ಒಂದು ರೂಪಾಯಿಯೂ ಇಲ್ಲ. ಸಾವಿರಗಟ್ಟಲೆ ಕೇಳುವ ಏಜೆಂಟರಿದ್ದಾರೆ, ಕೊಡಬೇಡಿ.